ಚಿಗರಿ ಬೇಲಿಯ ಹಸಿರು ಚೌಕಗಳು

ಬೆಣಚುಗುಡ್ಡ, ಯಶವಂತನಗರದ ಹತ್ತಿರ
21 ಜನವರಿ 2024

ಡಾಕ್ಟ್ರೇ,

ಕೊನೆಯ ಲಾರಿ ಹೋದ ಮೇಲೂ ಧೂಳು ಬಹಳ ಹೊತ್ತು ಕೂರಲಿಲ್ಲ. ನಮ್ಮ ಸಂಡೂರು ಕಡೆಯ ಧೂಳು ನಿಮಗೆ ಗೊತ್ತಲ್ಲ, ಕೆಂಪಗೆ ಮೈಗೆ ಅಂಟಿಕೊಂಡು ಬಿಡುತ್ತದೆ. ಅತ್ತಿದ್ದು ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡು ಒಳಗೆ ಬಂದರೆ ಕನ್ನಡಿಯಲ್ಲಿ ಕೆನ್ನೆಯ ಮೇಲೆ ಎರಡು ಗೆರೆ ಸ್ಪಷ್ಟವಾಗಿ ಕಾಣುತ್ತಿದ್ದವು. ಗೇಟಿನ ಕಾವಲು ಪಾಲಯ್ಯ ಅದಕ್ಕೇ ನನ್ನ ಮುಖ ನೋಡದೆ ಬೀಗ ಹಾಕಿಕೊಂಡು ಹೋದ ಅಂತ ಆಮೇಲೆ ತಿಳಿಯಿತು.

ಮದುವೆಯಾದ ವರ್ಷವೇ ಗಂಡ ಹೆಂಡತಿ ಇಬ್ಬರಿಗೂ ಒಂದೇ ಬೇಲಿಯೊಳಗೆ ಕೆಲಸ ಸಿಕ್ಕಿತು ಅಂತ ನನ್ನವ್ವ ಹೊಸಪೇಟೆಯ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು. ಕಂಪ್ಲಿಯಲ್ಲಿ ಎಮ್ಮೆ ಹಸು ನೋಡಿಕೊಂಡಿದ್ದ ನೀವು ಚಿಗರಿಗಳ ಡಾಕ್ಟರಾದಿರಿ, ನಾನು ಹುಲ್ಲಿನ ಮೇಡಂ ಆದೆ. ಅಕ್ಟೋಬರಿನಲ್ಲಿ ಬಂದೆವು. ಜನವರಿ ಮುಗಿಯುವ ಮೊದಲೇ ನೀವು ಹೋದಿರಿ. ಕಳಿಸಿದವಳು ನಾನೇ, ಅದನ್ನು ಯಾರ ಮುಂದೆ ಹೇಳಿಕೊಳ್ಳಲಿ?

ಇನ್ನೂರೈವತ್ತು ಎಕರೆ ಬೇಲಿ, ಒಳಗೆ ನೂರ ಹತ್ತು ಚಿಗರಿ, ಟ್ರಸ್ಟಿನ ಕಾಗದದಲ್ಲಿ ಕೃಷ್ಣಮೃಗ. ಈ ನೆಲ ಎಷ್ಟನ್ನು ತಡೆದೀತು ಹೇಳು ಅಂತ ಟ್ರಸ್ಟಿನ ಸುಧಾರಾಣಿ ಮೇಡಂ ಕೇಳಿದರು. ನಾನು ನವೆಂಬರಿನಲ್ಲಿ ಮೂಲೆ ಮೂಲೆಗೂ ಚೌಕಟ್ಟು ಇಟ್ಟು ಹುಲ್ಲು ಕೊಯ್ದು, ಒಣಗಿಸಿ, ತೂಗಿದೆ. ಮಳೆ ಕೈಕೊಟ್ಟ ವರ್ಷ ಅನ್ನುವುದನ್ನೂ ಹಿಡಿದೆ. ಆದರೂ ಗುಡ್ಡದ ಆಚೆ ಬದಿಯಲ್ಲಿ ಹುಲ್ಲು ಬೇರಿನವರೆಗೆ ಮೇದುಹೋಗಿತ್ತು. ಅರವತ್ತು ಅಂದೆ. ಅದಕ್ಕಿಂತ ಹೆಚ್ಚಾದರೆ ಇದು ಬರೀ ಮಣ್ಣಿನ ಗುಡ್ಡವಾಗುತ್ತದೆ ಅಂದೆ. ಉಳಿದ ಐವತ್ತನ್ನು ಬೀದರಿನಾಚೆ ನಿಮ್ಮ ಜೋಗಿತಾಂಡಾ ಬೇಲಿಗೆ ಸಾಗಿಸುವುದು ಅಂತಾಯಿತು. ನೂರಕ್ಕಿಂತ ಕಡಿಮೆ ಪ್ರಾಣಿ ಇರುವ ಕಡೆ ಕಾಯಂ ಡಾಕ್ಟರು ಬೇಕಿಲ್ಲ ಅನ್ನುವುದು ಟ್ರಸ್ಟಿನ ನಿಯಮ. ಅಲ್ಲಿ ಮೊದಲೇ ತೊಂಬತ್ತಿದ್ದವು, ಇವು ಸೇರಿ ನೂರು ದಾಟಿದರೆ ಡಾಕ್ಟರೂ ಅಲ್ಲಿಗೇ. ನನಗೂ ಗೊತ್ತಿತ್ತು, ನಿಮಗೂ ಗೊತ್ತಿತ್ತು. ಊಟಕ್ಕೆ ಕೂತಾಗ ನೀವು "ಲೆಕ್ಕ ಅಂದ್ರ ಲೆಕ್ಕ, ಬರಿ" ಅಂದಿರಿ, ಅಷ್ಟೇ. ಸ್ವಲ್ಪ ಜಗಳ ಆಡಬಾರದಿತ್ತೇ? ನೂರು ಅಂತ ಬರಿ ಅಂತ ಒಮ್ಮೆ ಕೇಳಬಾರದಿತ್ತೇ? ನಾನು ಒಪ್ಪುತ್ತಿರಲಿಲ್ಲ. ಆದರೂ ನೀವು ಕೇಳಬೇಕಿತ್ತು.

ನಾವು ತಲೆ ಎಣಿಸಿದ ದಿನ ಪಾಲಯ್ಯ ಬೆನ್ನು ತಿರುಗಿಸಿ ನಿಂತದ್ದು ನೆನಪಿದೆಯೇ? "ಜೀವ ಇದ್ದದ್ದನ್ನ ಬಾಯಿಬಿಟ್ಟು ಎಣಿಸಬಾರದ್ರಿ, ಕಡಿಮಿ ಆಗ್ತಾವ" ಅಂದಿದ್ದ. ಕುರಿ ಕಾಯ್ದು ಬೆಳೆದ ಮನುಷ್ಯ. ನಾನು ನಕ್ಕಿದ್ದೆ. ಇವತ್ತು ನಗು ಬರಲಿಲ್ಲ.

ಅಲ್ಲಿ ನೀರಿನ ಟ್ಯಾಂಕು ಹತ್ತಿದರೆ ಮಾತ್ರ ಸಿಗ್ನಲ್ ಅಂತೆ. ಸಿಕ್ಕರೂ ಫೋನಿನಲ್ಲಿ ನೀವು ಊಟ ಆಯ್ತಾ ಅನ್ನುವುದು ಬಿಟ್ಟು ಎರಡನೇ ಮಾತಾಡುವವರಲ್ಲ. ಅದಕ್ಕೇ ಕಾಗದ ಬರೆಯಿರಿ. ಆ ಐವತ್ತರಲ್ಲಿ ಹೋದ ನನ್ನ ಕಿವಿಹರಕಿ ಹೇಗಿದ್ದಾಳೆ ಅಂತ ಮೊದಲು ಬರೆಯಿರಿ. ಬೆಳಿಗ್ಗೆ ಕಿಟಕಿ ತೆಗೆದ ಕೂಡಲೇ ಆ ಹರಿದ ಕಿವಿ ಕಾಣುವುದು ರೂಢಿಯಾಗಿಬಿಟ್ಟಿತ್ತು.

ನಿಮ್ಮ
ಸಂಘಮಿತ್ರಾ


ಜೋಗಿತಾಂಡಾ
2 ಫೆಬ್ರವರಿ 2024

ಮಿತ್ರಾ,

ತಲುಪಿದೆ. ಚಿಗರಿಗಳೂ ತಲುಪಿದವು. ಎಲ್ಲ ಆರಾಮ. ನಿನ್ನ ಕಿವಿಹರಕಿಯೂ ಆರಾಮ.

ನೆಲ ಇಲ್ಲಿಯೂ ಕೆಂಪೇ, ಆದರೆ ನಮ್ಮ ಕಡೆಯ ಹಾಗೆ ಅದಿರಿನ ಕೆಂಪಲ್ಲ, ಇಟ್ಟಿಗೆಯ ಕೆಂಪು. ನನಗೊಂದು ಕೋಣೆ ಕೊಟ್ಟಿದ್ದಾರೆ. ತಗಡಿನ ಮಾಡು. ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. ನೀನು ಬಂದು ರುಚಿ ನೋಡಿದರೆ ಬೈಯುತ್ತೀ, ಬೈಸಿಕೊಳ್ಳಲಿಕ್ಕಾದರೂ ನೀನು ಇಲ್ಲಿರಬೇಕಿತ್ತು ಅನ್ನಿಸುತ್ತದೆ.

ಜಗಳ ಯಾಕೆ ಆಡಲಿಲ್ಲ ಅಂತ ಕೇಳಿದ್ದೀ. ನೀನು ಬಿಸಿಲಲ್ಲಿ ಮೊಣಕಾಲೂರಿ ಹುಲ್ಲು ಕೊಯ್ಯುವುದನ್ನು ನೋಡಿದ್ದೆ. ಅದರ ಮೇಲೆ ನನಗೆ ಹೇಳಲಿಕ್ಕೆ ಏನೂ ಇರಲಿಲ್ಲ. ಹೋಗಲಿಕ್ಕೆ ಮನಸ್ಸಿರಲಿಲ್ಲ ಅನ್ನುವುದು ಬೇರೆ ಮಾತು. ಅದನ್ನೂ ಹೇಳಬೇಕಾಗಿತ್ತು ಅಂತ ಈಗ ಅನ್ನಿಸುತ್ತಿದೆ.

ಯುಗಾದಿಗೆ ಬರುತ್ತೇನೆ. ಪಾಪಿನಾಯಕನಹಳ್ಳಿಗೆ ಹೋಗಿ ಅವ್ವನನ್ನು ಮಾತಾಡಿಸಿಕೊಂಡು ಬಾ. ನಿನ್ನ ಮುಂದೆ ಗಟ್ಟಿಯಾಗಿರುತ್ತಾಳೆ, ಆದರೆ ಮಗ ಎಲ್ಲಿಗೋ ಹೋದ ಅಂತ ಎಮ್ಮೆಯ ಮುಂದೆ ಹೇಳಿಕೊಂಡು ಅಳುತ್ತಾಳೆ.

ಮಾರುತೇಶ್


ಬೆಣಚುಗುಡ್ಡ
9 ಏಪ್ರಿಲ್ 2024

ಡಾಕ್ಟ್ರೇ,

ಇವತ್ತು ಯುಗಾದಿ. ನಿಮಗೆ ಗೊತ್ತಿರಲಿ ಅಂತ ಬರೆದೆ.

ನಮ್ಮ ಮನೆಯಲ್ಲಿ ಬುದ್ಧ ಪೂರ್ಣಿಮೆ ಬಿಟ್ಟರೆ ದೊಡ್ಡ ಹಬ್ಬ ಇರಲಿಲ್ಲ. ಹೋಳಿಗೆ ಮಾಡುವುದು ನನಗೆ ಬರುವುದಿಲ್ಲ ಅಂತ ನಿಮ್ಮವ್ವನ ಹತ್ತಿರ ಎರಡು ದಿನ ಕೂತು ಕಲಿತುಕೊಂಡು ಬಂದೆ. ತಿಪ್ಪಕ್ಕ ಅತ್ತೆಗೆ ನಾನು ಕಣಕ ತಟ್ಟುವ ರೀತಿ ನೋಡಿ ನಗು ತಡೆಯಲಿಕ್ಕಾಗಲಿಲ್ಲ. "ಹುಲ್ಲು ತೂಗೋ ಕೈಗೆ ಹೋಳಿಗಿ ಎಲ್ಲಿ ಬರಬೇಕು ತಂಗಿ" ಅಂದರು. ಹನ್ನೆರಡು ಹೋಳಿಗೆ ಮಾಡಿದೆ, ಅದರಲ್ಲಿ ನಾಲ್ಕು ದುಂಡಗೆ ಬಂದವು. ಆ ನಾಲ್ಕನ್ನು ನಿಮಗೆ ಅಂತ ತೆಗೆದಿಟ್ಟೆ. ಬೆಳಗಿನ ಬಸ್ಸಿಗೆ ಬರಲಿಲ್ಲ, ಮಧ್ಯಾಹ್ನದ ಬಸ್ಸಿಗೂ ಬರಲಿಲ್ಲ. ದೋಣಿಮಲೈ ಕಡೆಯಿಂದ ಬರುವ ಗಣಿ ಬಸ್ಸನ್ನೂ ನೋಡಿದೆ. ನೀವು ಅದರಲ್ಲಿ ಯಾಕೆ ಬರುತ್ತೀರಿ? ಆದರೂ ನೋಡಿದೆ.

ಕೊನೆಗೆ ಟ್ಯಾಂಕು ಹತ್ತಿ ಫೋನ್ ಮಾಡಿ "ಬರಾಕ ಆಗಲಿಲ್ಲ ಮಿತ್ರಾ, ಇಲ್ಲಿ ಬಿಟ್ಟು ಬರೋ ಹಂಗಿಲ್ಲ" ಅಂದಿರಿ. ಎಲ್ಲ ಆರಾಮ ಇದ್ದರೆ ಬಿಟ್ಟು ಬರುವ ಹಾಗೆ ಯಾಕಿಲ್ಲ? ಕೇಳುವಷ್ಟರಲ್ಲಿ ಕಟ್ಟಾಯಿತು. ಆ ನಾಲ್ಕು ಹೋಳಿಗೆಯನ್ನು ಪಾಲಯ್ಯನಿಗೆ ಕೊಟ್ಟೆ. ಚೆನ್ನಾಗಿದೆ ಅಂದ. ನಿಮ್ಮ ಬಾಯಿಂದ ಕೇಳಬೇಕಿದ್ದ ಮಾತು ಅದು.

ಹಂಪಿಗೆ ಯಾವಾಗ ಬೇಕಾದರೂ ಹೋಗಬಹುದು, ಇಲ್ಲೇ ಇದೆಯಲ್ಲ ಅಂತ ನಾವು ಮದುವೆಯಾದ ಮೇಲೆ ಒಮ್ಮೆಯೂ ಹೋಗಲಿಲ್ಲ. ಇಡೀ ಪ್ರಪಂಚ ಬಂದು ನೋಡಿಕೊಂಡು ಹೋಗುತ್ತದೆ, ನಾವು ಮಾತ್ರ ಹೋಗಲಿಲ್ಲ. ನನ್ನವ್ವ ಮೊನ್ನೆ ಕರೆದಳು. ನಾನು ಒಲ್ಲೆ ಅಂದೆ.

ಸಂಘಮಿತ್ರಾ


ಜೋಗಿತಾಂಡಾ
20 ಏಪ್ರಿಲ್ 2024

ಮಿತ್ರಾ,

ತಪ್ಪಾಯಿತು. ಹೊಸ ಜಾಗಕ್ಕೆ ಹೊಂದಿಕೊಳ್ಳುವವರೆಗೆ ಇವುಗಳಿಗೆ ಪರಿಚಯದ ಮುಖ ಒಂದು ಕಣ್ಣ ಮುಂದಿರಬೇಕು. ಬೇರೆಯವರು ಹತ್ತಿರ ಬಂದರೆ ಬೇಲಿಗೆ ಹೋಗಿ ಗುದ್ದಿಕೊಳ್ಳುತ್ತವೆ. ಅದಕ್ಕೆ ಬರಲಿಲ್ಲ. ಬೇರೆ ಕಾರಣ ಇಲ್ಲ.

ಹೋಳಿಗೆಯ ವಿಷಯ ಓದಿ ಆ ದಿನ ಅಡುಗೆ ಮಾಡಿಕೊಳ್ಳಲಿಲ್ಲ. ಸಂಜೆ ಬಾಗಿಲಲ್ಲಿ ಕೂತರೆ ನೀನು ಒಳಗೆ ಪಾತ್ರೆ ತೊಳೆಯುತ್ತಾ ನನ್ನನ್ನು ಬೈಯುವುದು ಕೇಳಿದ ಹಾಗೆ ಆಗುತ್ತದೆ. ಎದ್ದು ಒಳಗೆ ಹೋಗಿ ನೋಡಿದರೆ ನಾನೇ ತೊಳೆಯದೆ ಬಿಟ್ಟ ಪಾತ್ರೆ.

ಹಂಪಿಗೆ ನನ್ನನ್ನು ಬಿಟ್ಟು ಹೋಗಬೇಡ.

ಮಾರುತೇಶ್


ಬೆಣಚುಗುಡ್ಡ
18 ಆಗಸ್ಟ್ 2024

ಡಾಕ್ಟ್ರೇ,

ಈ ಸಲ ಮಳೆ ಕೇಳಬೇಡಿ! ಗುಡ್ಡದ ತುಂಬ ಹುಲ್ಲು, ಎಲ್ಲಿ ಕಾಲಿಟ್ಟರೂ ಹುಲ್ಲು. ಆಚೆ ಬದಿಯಲ್ಲಿ ಕರಡದ ಹುಲ್ಲು ನನ್ನ ಸೊಂಟಕ್ಕೆ ಬಂದಿದೆ. ನನ್ನ ಅರವತ್ತು ಸರಿಯಾಗಿತ್ತು ನೋಡಿ ಅಂತ ಸುಧಾರಾಣಿ ಮೇಡಂಗೆ ಫೋಟೋ ಕಳಿಸಿದೆ. ಭೇಷ್ ಅಂದರು. ಭೇಷ್ ಅನ್ನಿಸಿಕೊಂಡ ಖುಷಿಯನ್ನು ಹೇಳಿಕೊಳ್ಳಲಿಕ್ಕೆ ಮನೆಯಲ್ಲಿ ಯಾರೂ ಇಲ್ಲ, ಅದಕ್ಕೆ ನಿಮಗೆ ಬರೆಯುತ್ತಿದ್ದೇನೆ.

ಒಂದು ಸೋಜಿಗ ಹೇಳುತ್ತೇನೆ. ಮೊನ್ನೆ ಕಾವಲು ಗೋಪುರ ಹತ್ತಿ ನೋಡಿದರೆ, ಆಚೆ ಬದಿಯಲ್ಲಿ ಹುಲ್ಲು ಒಂದೇ ಸಮ ಇಲ್ಲ. ಅಲ್ಲಲ್ಲಿ ಚೌಕ ಚೌಕವಾಗಿ ಕಡುಹಸಿರು. ಒಂದರ ಪಕ್ಕ ಒಂದು, ಸಾಲಾಗಿ, ಯಾರೋ ಅಳತೆ ಹಿಡಿದು ಮಾಡಿದ ಹಾಗೆ. ಒಂದೊಂದೂ ನಮ್ಮ ಮನೆಯ ಅಂಗಳದಷ್ಟು. ಹಳೆಯ ಕಾಲದ ಕಟ್ಟಡದ ಅಡಿಪಾಯ ಇರಬಹುದೇ? ಹಂಪಿಯ ಸುತ್ತ ಎಲ್ಲಿ ಅಗೆದರೂ ಏನಾದರೂ ಸಿಗುತ್ತದಲ್ಲ. ನಿಮಗೆ ಏನನ್ನಿಸುತ್ತದೆ?

ಚಿಗರಿಗಳು ಮಾತ್ರ ಆ ಕಡೆಗೆ ಹೋಗುತ್ತಿಲ್ಲ. ಅಷ್ಟು ಹುಲ್ಲು ಬಿಟ್ಟು ಗೇಟಿನ ಹತ್ತಿರದ ಬೋಳು ಜಾಗದಲ್ಲಿ ಗುಂಪಾಗಿ ನಿಲ್ಲುತ್ತವೆ. ಹೋದವರ ದಾರಿ ಕಾಯುತ್ತಿವೆ ಅಂತ ನನಗೆ ಅನ್ನಿಸಿತು. ನಗಬೇಡಿ. ನಾನೂ ದಿನಾ ಅಲ್ಲೇ ಹೋಗಿ ನಿಲ್ಲುತ್ತೇನೆ.

ದಸರೆಗೆ ನಾನೇ ಬರುತ್ತೇನೆ. ರಜೆ ಕೇಳಿದ್ದೇನೆ. ಕಿವಿಹರಕಿಯನ್ನೂ ನೋಡಿದ ಹಾಗಾಗುತ್ತದೆ, ನಿಮ್ಮನ್ನೂ.

ನಿಮ್ಮ
ಸಂಘಮಿತ್ರಾ


ಜೋಗಿತಾಂಡಾ
30 ಸೆಪ್ಟೆಂಬರ್ 2024

ಮಿತ್ರಾ,

ಬರೆಯಲಿಕ್ಕೆ ತಡವಾಯಿತು. ಕೆಲಸ ಇತ್ತು.

ದಸರೆಗೆ ಬರಬೇಡ. ಇಲ್ಲಿ ನಿನಗೆ ಸರಿಹೋಗುವುದಿಲ್ಲ. ಬಚ್ಚಲು ಹೊರಗಿದೆ, ತಗಡು ಸೋರುತ್ತದೆ, ಅಷ್ಟು ದೂರದ ಪ್ರಯಾಣ. ನಾನೇ ಯಾವಾಗಲಾದರೂ ಬರುತ್ತೇನೆ.

ಇಲ್ಲಿಯೂ ಮಳೆ ಚೆನ್ನಾಗಿದೆ. ತೊಗರಿ ಹೊಲಗಳು ಚೆನ್ನಾಗಿವೆ. ಮೊನ್ನೆ ತಾಂಡಾದ ಒಬ್ಬರ ಹಸುವಿಗೆ ಹೆರಿಗೆ ಕಷ್ಟವಾಗಿತ್ತು, ಕರೆದರು, ಹೋಗಿ ಕರು ತೆಗೆದೆ. ಜೋಳದ ರೊಟ್ಟಿ ಕಟ್ಟಿ ಕೊಟ್ಟರು. ಅವ್ವನ ರೊಟ್ಟಿಯ ಹಾಗೇ ಇತ್ತು.

ಆರೋಗ್ಯ ನೋಡಿಕೋ.

ಮಾರುತೇಶ್


ಬೆಣಚುಗುಡ್ಡ
11 ನವೆಂಬರ್ 2024

ಮಾರುತೇಶ್,

ಇವತ್ತು ಡಾಕ್ಟ್ರೇ ಅಂತ ಬರೆಯಲಿಕ್ಕೆ ಕೈ ಬರುತ್ತಿಲ್ಲ. ನೀವು ಅನ್ನಲಿಕ್ಕೂ ಬರುತ್ತಿಲ್ಲ.

ಬಚ್ಚಲು ಹೊರಗಿದೆ ಅಂತ ಹೆಂಡತಿಯನ್ನು ಬರಬೇಡ ಅಂದ ಗಂಡ ನೀನೊಬ್ಬನೇ ಇರಬೇಕು. ನಾನು ಹುಟ್ಟಿ ಬೆಳೆದ ಓಣಿಯಲ್ಲಿ ಹತ್ತು ಮನೆಗೆ ಒಂದು ನಲ್ಲಿ ಇತ್ತು. ನಿನಗೆ ಅದು ಗೊತ್ತು. ಅಲ್ಲಿ ಬೇರೆ ಯಾರಾದರೂ ಇದ್ದಾರೇನೋ ಅಂತ ಕೂಡ ಯೋಚಿಸಿದೆ. ಯೋಚಿಸಿದ್ದಕ್ಕೆ ನಾಚಿಕೆಯಾಯಿತು, ಮತ್ತೆ ಯೋಚಿಸಿದೆ.

ದೀಪಾವಳಿಗೆ ಅತ್ತೆ ಕರಜಿಕಾಯಿ ತಗೊಂಡು ಬಂದಿದ್ದರು. ನಿನ್ನ ಕೆಲಸ ತೋರಿಸು ಅಂದರು. ಗೋಪುರ ಹತ್ತಿಸಿದೆ. ಆಚೆ ಬದಿ ನೋಡಿದ್ದೇ ತಡ, "ಇಲ್ಲಿ ಯಾರ ಕುರಿ ತರುಬಿದ್ರು ತಂಗಿ?" ಅಂದರು.

ನನಗೆ ಅರ್ಥವಾಗಲಿಲ್ಲ. ಪೇಟೆಯಲ್ಲಿ ಬೆಳೆದವಳಿಗೆ ಎಲ್ಲಿ ಗೊತ್ತಿರಬೇಕು? ಅವರೇ ಹೇಳಿದರು. ಗೊಬ್ಬರ ಬೀಳಲಿ ಅಂತ ಹೊಲದಲ್ಲಿ ಕುರಿಮಂದೆ ತರುಬಿಸುತ್ತಾರೆ. ಸುತ್ತ ಬಲೆ ಕಟ್ಟಿ ಒಂದು ರಾತ್ರಿ ಒಂದು ಕಡೆ ಕೂಡುತ್ತಾರೆ, ಮರುದಿನ ಪಕ್ಕಕ್ಕೆ ಸರಿಸುತ್ತಾರೆ. ಮುಂದಿನ ಮಳೆಗೆ ಆ ಚೌಕಗಳಲ್ಲಿ ಪೈರು ಕಪ್ಪಗೆ ಎದ್ದು ನಿಲ್ಲುತ್ತದೆ. ಹಳೆಯ ಕಟ್ಟಡವಂತೆ ನನ್ನ ತಲೆ!

ಪಾಲಯ್ಯನನ್ನು ಕರೆದು ಕೇಳಿದೆ. ಅವನೇನೂ ಮುಚ್ಚಿಡಲಿಲ್ಲ. ನಾವು ಬರುವ ಮುಂಚೆ, ಆ ಮಳೆಯಿಲ್ಲದ ಶ್ರಾವಣದಿಂದ ಭಾದ್ರಪದದವರೆಗೆ, ತನ್ನ ದೊಡ್ಡಪ್ಪನ ಮಕ್ಕಳ ಮಂದೆಯನ್ನು ಬೇಲಿಯೊಳಗೆ ಬಿಟ್ಟುಕೊಂಡಿದ್ದನಂತೆ. ನೆಲ ಬಡವಾಗಿತ್ತು, ಚಿಗರಿಗೆ ಹುಲ್ಲು ಚೆನ್ನಾಗಿ ಬರಲಿ ಅಂತ ಗೊಬ್ಬರ ಹಾಕಿಸಿದೆ ಅಂದ. ಅದನ್ನು ಹೇಳುವಾಗ ಅವನ ಮುಖದಲ್ಲಿ ಹೆಮ್ಮೆ ಇತ್ತು. ಹಗಲು ಎಲ್ಲಿ ಮೇಯುತ್ತಿದ್ದವು ಅಂತ ಕೇಳಿದೆ.

"ಇಲ್ಲೇರಿ. ಹೊಟ್ಟಿಗೆ ಬೀಳದ ಗೊಬ್ರ ಎಲ್ಲಿಂದ ಬರಬೇಕ್ರಿ?"

ಗೊತ್ತಾಯಿತೇ? ಬೇರಿನವರೆಗೆ ಹುಲ್ಲು ಮೇದದ್ದು ಚಿಗರಿಗಳಲ್ಲ. ಕುರಿ ತಿಂದು ಉಳಿದದ್ದನ್ನು ನಾನು ಕೊಯ್ದು ತೂಗಿ, ಈ ನೆಲ ಕೊಡುವುದೇ ಇಷ್ಟು ಅಂತ ಬರೆದೆ. ಅರವತ್ತಲ್ಲ, ನೂರ ಹತ್ತೂ ಇರಬಹುದಿತ್ತು. ಈಗ ಮೇಯುವ ಬಾಯಿ ಸಾಲದೆ ಹುಲ್ಲು ಸೊಂಟಕ್ಕೆ ಬೆಳೆದು ಬಲಿತು ಒಣಗಿ ನಿಂತಿದೆ. ಬಯಲಿನ ಪ್ರಾಣಿಗೆ ಅಷ್ಟೆತ್ತರದ ಹುಲ್ಲಿನಲ್ಲಿ ದೂರ ಕಾಣುವುದಿಲ್ಲ, ಹೆದರಿ ಗೇಟಿನ ಹತ್ತಿರ ನಿಲ್ಲುತ್ತವೆ. ಯಾರ ದಾರಿಯನ್ನೂ ಕಾಯುತ್ತಿರಲಿಲ್ಲ ಅವು.

ಇದೆಲ್ಲ ನನ್ನ ತಪ್ಪು, ನಾನು ಹೊರುತ್ತೇನೆ. ಆದರೆ ಅತ್ತೆ ಹೊರಡುವಾಗ ಒಂದು ಮಾತು ಹೇಳಿದರು. "ಮಾರುತಿಗೆ ಒಂದು ಮಾತು ಕೇಳಬಾರದಿತ್ತಾ? ನಮ್ಮ ಹೊಲದಾಗ ಸಣ್ಣವ ಇದ್ದಾಗಿಂದ ನೋಡ್ಯಾನ." ನಾನು ಕೇಳಿದ್ದೆ. ಆಗಸ್ಟಿನಲ್ಲೇ ಕೇಳಿದ್ದೆ. ನೀನು ತೊಗರಿ ಹೊಲದ ಸುದ್ದಿ ಬರೆದೆ.

ನಿನಗೆ ಗೊತ್ತಾಗಿತ್ತು. ನಮ್ಮಿಬ್ಬರನ್ನು ಬೇರೆ ಮಾಡಿದ ಲೆಕ್ಕ ತಪ್ಪು ಅಂತ ಗೊತ್ತಿದ್ದೂ ನೀನು ಸುಮ್ಮನಿದ್ದೆ. ವಾಪಸ್ ಬರುವ ಮನಸ್ಸೇ ಇಲ್ಲವೇ ನಿನಗೆ?

ಸಂಘಮಿತ್ರಾ


ಜೋಗಿತಾಂಡಾ
19 ನವೆಂಬರ್ 2024

ಮಿತ್ರಾ,

ಬೈದದ್ದು ಸರಿ. ಎಲ್ಲ ಹೇಳಿಬಿಡುತ್ತೇನೆ, ಕೂತು ಓದು.

ಅಲ್ಲಿಂದ ಹೊರಟ ಐವತ್ತರಲ್ಲಿ ಒಂಬತ್ತು ಲಾರಿಯಲ್ಲೇ ಸತ್ತವು. ಗಾಯ ಇಲ್ಲ, ರೋಗ ಇಲ್ಲ. ಹೆದರಿಕೆ ಅಷ್ಟೇ. ಮೈ ಕಾದು, ಕಾಲು ಸೆಟೆದು ಬಿದ್ದವು. ನಾನು ನೀರು ಸುರಿದೆ, ಸೂಜಿ ಹಾಕಿದೆ, ಕಣ್ಣಿಗೆ ಬಟ್ಟೆ ಕಟ್ಟಿ ತೊಡೆಯ ಮೇಲೆ ತಲೆ ಇಟ್ಟುಕೊಂಡು ಕೂತೆ. ನಿನ್ನ ಕಿವಿಹರಕಿ ಲಿಂಗಸುಗೂರು ದಾಟಿದ ಮೇಲೆ ಹೋದಳು. ಇಲ್ಲಿಗೆ ಬಂದ ಮೇಲೆ ಇನ್ನೂ ಐದು ಹೋದವು. ಯುಗಾದಿಗೆ ಬರದೆ ಇದ್ದದ್ದು ಅದಕ್ಕೇ. ಆ ವಾರ ಎರಡು ಮಲಗಿದ್ದವು.

ಎಲ್ಲವನ್ನೂ ಗೇಟಿನ ಪಕ್ಕದಲ್ಲೇ ಹೂತಿದ್ದೇನೆ. ದಸರೆಗೆ ನೀನು ಬಂದಿದ್ದರೆ ಇಳಿದ ಕೂಡಲೇ ಆ ಮಣ್ಣು ಕಾಣುತ್ತಿತ್ತು. ಸುಧಾರಾಣಿ ಮೇಡಂಗೆ ಆವತ್ತೇ ತಿಳಿಸಿದ್ದೆ. ನಿನಗೆ ನಾನೇ ಹೇಳುತ್ತೇನೆ ಅಂತ ಅವರ ಬಾಯಿ ಮುಚ್ಚಿಸಿ, ನಾನೂ ಹೇಳಲಿಲ್ಲ. ನಿನ್ನ ಲೆಕ್ಕದಿಂದ ಸತ್ತವು ಅಂತ ನೀನು ಕೊರಗುತ್ತೀ ಅಂದುಕೊಂಡೆ. ನಾನು ಹೇಳದೆ ಇದ್ದರೆ ಅಷ್ಟು ದಿನವಾದರೂ ನೀನು ನೆಮ್ಮದಿಯಾಗಿರುತ್ತೀ ಅಂತ.

ಚೌಕಗಳ ವಿಷಯ ಓದಿದ ಕೂಡಲೇ ತಿಳಿಯಿತು. ಕಾಗದ ಮಡಿಸಿಟ್ಟು ಬಹಳ ದಿನ ಬರೆಯಲಿಲ್ಲ. ಹೇಳಿದರೆ ನೀನು ಮಾರನೇ ದಿನವೇ ಹೋಗಿ ತಪ್ಪು ಒಪ್ಪಿಕೊಳ್ಳುವವಳು. ಹಂಗಾದರೆ ವಾಪಸ್ ತರೋಣ ಅನ್ನುತ್ತಾರೆ. ಮತ್ತೆ ಅದೇ ಲಾರಿ, ಅದೇ ದಾರಿ.

ಬರುವ ಮನಸ್ಸಿಲ್ಲವೇ ಅಂತ ಕೇಳಿದ್ದೀ. ಮಿತ್ರಾ, ನನಗೆ ಬೇರೆ ಮನಸ್ಸೇ ಇಲ್ಲ. ನಾನು ಹೆದರಿದ್ದು ನಿನಗಲ್ಲ, ನನಗೇ. ಹತ್ತಿಸು ಅಂದರೆ ನಿನ್ನ ಹತ್ತಿರ ಬರುವ ಆಸೆಗೆ ನಾನೇ ಇವುಗಳನ್ನು ಮತ್ತೆ ಲಾರಿ ಹತ್ತಿಸಿಬಿಡುತ್ತೇನೆ ಅಂತ ಹೆದರಿದೆ. ಈಗಷ್ಟೇ ನನ್ನ ಕೈಯಿಂದ ಹಿಂಡಿ ತಿನ್ನಲಿಕ್ಕೆ ಶುರುಮಾಡಿವೆ.

ಇನ್ನು ಮುಚ್ಚಿಟ್ಟದ್ದು ಏನೂ ಇಲ್ಲ. ಎಷ್ಟಿರಬೇಕು ಅಂತ ಹೇಳುವವಳು ನೀನು. ಏನು ಹೇಳಿದರೂ ನಾನು ಒಪ್ಪುತ್ತೇನೆ.

ಮಾರುತೇಶ್


ಬೆಣಚುಗುಡ್ಡ
15 ಡಿಸೆಂಬರ್ 2024

ಡಾಕ್ಟ್ರೇ,

ಮತ್ತೆ ಡಾಕ್ಟ್ರೇ ಅಂದೆ. ಸಿಟ್ಟು ಪೂರ್ತಿ ಹೋಗಿಲ್ಲ, ಎದುರಿಗೆ ಸಿಕ್ಕಾಗ ಉಳಿದದ್ದು ತೀರಿಸಿಕೊಳ್ಳುತ್ತೇನೆ.

ನಿಮ್ಮ ಕಾಗದ ಓದಿ ಕಿಟಕಿ ಮುಚ್ಚಿಬಿಟ್ಟೆ. ಎರಡು ದಿನ ತೆಗೆಯಲಿಲ್ಲ. ಆ ಹರಿದ ಕಿವಿ ಅಲ್ಲಿ ಎಲ್ಲೋ ಓಡಾಡುತ್ತಿದೆ ಅಂದುಕೊಂಡೇ ಇಷ್ಟು ತಿಂಗಳು ಇದ್ದೆನಲ್ಲ. ನನ್ನನ್ನು ನೆಮ್ಮದಿಯಾಗಿಡಲಿಕ್ಕೆ ನೀವು ಒಬ್ಬರೇ ಹದಿನಾಲ್ಕು ಗುಂಡಿ ತೋಡಿದಿರಿ. ಇನ್ನೊಂದು ಸಲ ಹಾಗೆ ಮಾಡಿದರೆ ನಾನು ಕ್ಷಮಿಸುವುದಿಲ್ಲ. ಅಳುವುದಿದ್ದರೆ ಇಬ್ಬರೂ ಅಳೋಣ.

ಮೊನ್ನೆ ಹೊಸಪೇಟೆಯಲ್ಲಿ ಟ್ರಸ್ಟಿನ ಸಭೆ ಇತ್ತು. ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಕುರಿ ಮೇದ ನೆಲವನ್ನು ಅಳೆದು ತಪ್ಪು ಲೆಕ್ಕ ಕೊಟ್ಟೆ, ಮುಂಚೆ ಇಲ್ಲಿ ಏನು ಮೇಯುತ್ತಿತ್ತು ಅಂತ ಯಾರನ್ನೂ ಕೇಳಲಿಲ್ಲ, ಒಳ್ಳೆಯ ಮಳೆಗೆ ನೂರ ಹತ್ತೂ, ಬರದ ವರ್ಷಕ್ಕೆ ನೂರರ ಆಸುಪಾಸೂ ಈ ಬೇಲಿಯಲ್ಲಿ ಇರಬಹುದು ಅಂದೆ. ಪಾಲಯ್ಯನನ್ನು ತೆಗೆದುಹಾಕುವ ಮಾತು ಬಂತು. ಅವನನ್ನು ತೆಗೆಯುವುದಾದರೆ ಮೊದಲು ನನ್ನನ್ನು ತೆಗೆಯಿರಿ ಅಂದೆ. ಆ ಮಾತು ಅಲ್ಲಿಗೆ ನಿಂತಿತು.

ಸುಧಾರಾಣಿ ಮೇಡಂ ಒಳ್ಳೆಯವರು. ನನ್ನನ್ನು ಬೈಯಲಿಲ್ಲ. ಹತ್ತಿರ ಕರೆದು ಮೆಲ್ಲಗೆ ಹೇಳಿದರು. "ಉಳಿದದ್ದನ್ನ ವಾಪಸ್ ತರೋಣ ಬಿಡವಾ. ಈ ಸಲ ಚಳಿಯೊಳಗ, ನಿಧಾನಕ್ಕ ತರೋಣ. ನೂರಕ್ಕ ನಾಲ್ಕು ಕಡಿಮಿ ಆದ್ರೂ ನಾ ನೋಡ್ಕೋತೀನಿ, ಡಾಕ್ಟ್ರೂ ಬರ್ತಾರ. ನೀ ಒಬ್ಬಾಕಿ ಎಷ್ಟು ದಿನ ಇರ್ತಿ?"

ಹೂಂ ಅಂದರೆ ಮುಗಿಯುತ್ತಿತ್ತು. ಸಂಕ್ರಾಂತಿಗೆ ನೀವು ಈ ಮನೆಯಲ್ಲಿ ಇರುತ್ತಿದ್ದಿರಿ. ಎಳ್ಳು ಬೆಲ್ಲ ಕೂಡ ಕಣ್ಣ ಮುಂದೆ ಬಂತು, ನಿಜವಾಗಿ. ಬಾಯಿವರೆಗೆ ಬಂದ ಹೂಂ ಅನ್ನು ನುಂಗಿಕೊಂಡು ಬ್ಯಾಡ್ರಿ ಅಂದೆ. ಒಮ್ಮೆ ಲಾರಿ ಹತ್ತಿ ಬದುಕಿ ಉಳಿದವನ್ನು ನನ್ನ ತಪ್ಪು ತಿದ್ದಲಿಕ್ಕೆ ಮತ್ತೆ ಹತ್ತಿಸಬೇಡಿ, ಅಲ್ಲಿ ನೆಲ ಇದೆ, ಅಲ್ಲೇ ಇರಲಿ. ಇಲ್ಲಿ ಇರುವ ಅರವತ್ತು ಮರಿ ಹಾಕಿಕೊಂಡು ನೂರಾಗಲಿ, ಎಷ್ಟು ವರ್ಷವಾದರೂ ಆಗಲಿ ಅಂದೆ. ಅಲ್ಲಿಯವರೆಗೆ ಹೆಚ್ಚಿದ ಹುಲ್ಲನ್ನು ಸುತ್ತಲಿನ ಊರವರು ಕೊಯ್ದು ದನಕ್ಕೆ ಒಯ್ಯಲಿ ಅಂತ ಕೇಳಿದೆ, ಒಪ್ಪಿದರು. ಕುರಿ ಒಳಗೆ ಬಿಡುವ ಮಾತು ಇನ್ನಿಲ್ಲ, ಅವುಗಳ ರೋಗ ಚಿಗರಿಗೆ ತಗುಲೀತು ಅಂತ ನಿಮ್ಮ ಪರವಾಗಿ ನಾನೇ ಹೇಳಿದೆ.

ನೂರು ಆಗುವವರೆಗೆ ಇಲ್ಲಿಗೆ ಡಾಕ್ಟರಿಲ್ಲ. ಮೊದಲ ಸಲ ನಿಮ್ಮನ್ನು ಕಳಿಸುವಾಗ ಒಬ್ಬಳೇ ಇರುವುದು ಎಂಥದ್ದು ಅಂತ ನನಗೆ ಗೊತ್ತಿರಲಿಲ್ಲ. ಈ ಸಲ ಗೊತ್ತಿದ್ದೂ ಕಳಿಸುತ್ತಿದ್ದೇನೆ. ಜಗಳ ಆಡುವುದಿದ್ದರೆ ಈಗಲೇ ಆಡಿ.

ಬಚ್ಚಲು ಹೊರಗಿದ್ದರೆ ಇರಲಿ. ಸಂಕ್ರಾಂತಿಗೆ ನಾನು ಬರುತ್ತೇನೆ.

ನಿಮ್ಮ
ಸಂಘಮಿತ್ರಾ


ಜೋಗಿತಾಂಡಾ
24 ಡಿಸೆಂಬರ್ 2024

ಮಿತ್ರಾ,

ಜಗಳ ಇಲ್ಲ. ನಾನು ಹೇಳಲಿಕ್ಕೆ ಹೆದರಿದ್ದನ್ನು ನೀನು ಹೇಳಿದೆ.

ತಗಡು ಸರಿಮಾಡಿಸಿದ್ದೇನೆ. ಬಚ್ಚಲಿಗೆ ಬಾಗಿಲು ಹಾಕಿಸಿದೆ. ಬೀದರ್ ನಿಲ್ದಾಣದಲ್ಲಿ ನಿಂತಿರುತ್ತೇನೆ. ಜಲ್ದಿ ಬಾ.

ಮಾರುತೇಶ್


ಬೆಣಚುಗುಡ್ಡ
23 ಮಾರ್ಚ್ 2025

ಡಾಕ್ಟ್ರೇ,

ನಿಮ್ಮಲ್ಲಿಂದ ಬಂದು ಎರಡು ತಿಂಗಳಾಯಿತು. ಆ ಮಣ್ಣಿನ ಮೇಲೆ ಹುಲ್ಲು ಬಂದಿದೆಯೇ? ಬಂದಿದ್ದರೆ ಕೊಯ್ಯಬೇಡಿ. ನಾನು ಅಲ್ಲಿ ಕೂತು ಅತ್ತದ್ದನ್ನು ಅತ್ತೆಗೆ ಹೇಳಿಲ್ಲ. ನೀವು ಮಾಡಿದ ಸಾರಿನ ವಿಷಯ ಮಾತ್ರ ಹೇಳಿದೆ, ನಕ್ಕು ನಕ್ಕು ಸಾಕಾದರು.

ಇಲ್ಲಿ ಆಚೆ ಬದಿಯ ಹುಲ್ಲು ಕೊಯ್ದಾಯಿತು. ಪಾಪಿನಾಯಕನಹಳ್ಳಿಯಿಂದ ಅತ್ತೆಯೇ ಹೆಂಗಸರನ್ನು ಕಟ್ಟಿಕೊಂಡು ಕುಡುಗೋಲು ಹಿಡಿದು ಬಂದಿದ್ದರು. ಬಯಲು ಬಿಚ್ಚಿಕೊಂಡ ಮೇಲೆ ಚಿಗರಿಗಳು ಗೇಟು ಬಿಟ್ಟು ಆ ಕಡೆ ಹೋದವು. ಈಗ ಗೇಟಿನ ಹತ್ತಿರ ಸಂಜೆ ನಿಲ್ಲುವವಳು ನಾನೊಬ್ಬಳೇ.

ಮನೆಯಲ್ಲಿ ಎರಡು ಲೋಟ ತೊಳೆದು ಇಡುತ್ತೇನೆ. ಒಂದಕ್ಕೇ ಚಹಾ ಸೋಸುತ್ತೇನೆ. ಹಂಪಿಗೆ ಇನ್ನೂ ಹೋಗಿಲ್ಲ.

ಮರಿಗಳು ಹುಟ್ಟಿವೆ, ಡಾಕ್ಟ್ರೇ. ಮೊದಲ ಮರಿಯನ್ನು ನೋಡಿದವನು ಪಾಲಯ್ಯ. ಓಡಿ ಬಂದು ಕಿಟಕಿಯ ಹೊರಗೆ ನಿಂತು, ಬಾಯಿಬಿಟ್ಟು ಹೇಳದೆ ಸುಮ್ಮನೆ ನಗುತ್ತಿದ್ದ. ಆಮೇಲೆ ದಿನಕ್ಕೊಂದು ಪೊದೆಯ ಬುಡದಲ್ಲಿ ಕಾಣತೊಡಗಿದವು. ಒಂದು ಮರಿ ಎದ್ದು ನಿಂತರೆ ನೀವು ಅಷ್ಟು ಹತ್ತಿರ ಬಂದ ಹಾಗೆ ನನಗೆ.

ಇವತ್ತು ತಿಂಗಳ ಲೆಕ್ಕದ ದಿನ. ದುರ್ಬೀನು ತಗೊಂಡು ಗೋಪುರ ಹತ್ತಿದೆ. ಹಿಂಡು ಪೂರ್ತಿ ಬಯಲಿಗೆ ಬಂದು ನಿಂತಿತ್ತು, ಕಾಲಡಿಯಲ್ಲಿ ಮರಿಗಳು. ಮೊದಲನೆಯದಕ್ಕೆ ಬೆರಳು ಮಡಿಚಿದ್ದೆ, ಅಷ್ಟರಲ್ಲಿ ಕೆಳಗಿನಿಂದ ಪಾಲಯ್ಯನ ದನಿ ಬಂತು.

"ಮರಿ ಎಣಿಸಬ್ಯಾಡ್ರಿ ಅಮ್ಮಾ. ಕಡಿಮಿ ಆದ್ರ ಡಾಕ್ಟ್ರು ಬರೋದು ತಡ ಆಗ್ತದ."

ನಾನು ಎಣಿಸುವ ಕೆಲಸಕ್ಕೇ ಸಂಬಳ ತಗೊಳ್ಳುವವಳು. ನಾಳೆ ಎಣಿಸಲೇಬೇಕು, ಬರೆದು ಕಳಿಸಲೇಬೇಕು. ಇವತ್ತು ಮಾತ್ರ ದುರ್ಬೀನು ಇಳಿಸಿ, ಅವನ ಪಕ್ಕದಲ್ಲಿ ಹೋಗಿ, ಅವನ ಹಾಗೆಯೇ ಬೆನ್ನು ತಿರುಗಿಸಿ ನಿಂತೆ. ಹಿಂದಿನಿಂದ ಅವು ಹುಲ್ಲು ಹರಿಯುವ ಸದ್ದು ಕೇಳುತ್ತಿತ್ತು. ಬಹಳ ಹೊತ್ತು ಕೇಳಿಕೊಂಡು ನಿಂತಿದ್ದೆವು.

ಎಷ್ಟು ಅಂತ ನೀವೂ ಕೇಳಬೇಡಿ. ಇವೆ.

ನಿಮ್ಮ
ಸಂಘಮಿತ್ರಾ